ಸಿಂಹಗಳ ನಾಡಿನಲ್ಲಿ ಮನುಷ್ಯರ ಊರುಗಳು

ತಾಂಜಾನಿಯಾಕ್ಕೆ ಹೋಗಿಬಂದವರ ಫೋನಿನಲ್ಲಿ ಸಾಮಾನ್ಯವಾಗಿ ನಾಲ್ಕೇ ಬಗೆಯ ಚಿತ್ರಗಳಿರುತ್ತವೆ. ಸೆರೆಂಗೆಟಿಯ ಸಿಂಹ, ಗೊರೊಂಗೊರೊ ಕುಳಿಯ ಘೇಂಡಾಮೃಗ, ಕಿಲಿಮಂಜಾರೋ ನೆತ್ತಿಯ ಹಿಮ, ಜಂಜಿಬಾರಿನ ನೀಲಿ ಕಡಲು. ಮನುಷ್ಯರು ಕಾಣಿಸಿದರೆ ಕೆಂಪು ಹೊದಿಕೆಯ ಮಸಾಯಿಗಳು. ಅವರೂ ಕ್ಯಾಮೆರಾದ ಮುಂದೆ ಸಾಲಾಗಿ ನಿಂತು ನೆಗೆಯುತ್ತಿರುತ್ತಾರೆ. ಅರುಷಾದಿಂದ ಹೊರಟು ಅರುಷಾಕ್ಕೇ ಮರಳುವ ಈ ಐದಾರು ದಿನಗಳ ಓಡಾಟಕ್ಕೆ ಪ್ರವಾಸೋದ್ಯಮದಲ್ಲಿ ‘ಉತ್ತರದ ಸುತ್ತು’ ಎಂದು ಹೆಸರು. ಅದನ್ನು ಮುಗಿಸಿ ಬಂದವರ ಮನಸ್ಸಿನಲ್ಲಿ ಒಂದು ಭಾವನೆ ತಾನಾಗಿ ಉಳಿದುಬಿಡುತ್ತದೆ. ಇದು ಪ್ರಾಣಿಗಳ ನಾಡು, ಇಲ್ಲಿ ನಿಸರ್ಗವಿದೆ, ಇತಿಹಾಸವಿಲ್ಲ ಎಂಬ ಭಾವನೆ.

ಹಾಗನ್ನಿಸುವುದಕ್ಕೂ ಒಂದು ಇತಿಹಾಸವಿದೆ. 1959ರಲ್ಲಿ ಬ್ರಿಟಿಷ್ ಆಡಳಿತ ಸೆರೆಂಗೆಟಿ ಉದ್ಯಾನದ ಗಡಿಯನ್ನು ಹೊಸದಾಗಿ ಎಳೆಯಿತು. ಅಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿಗಳನ್ನು ಗೊರೊಂಗೊರೊ ಕಡೆಗೆ ಹೊರಡಿಸಿತು. ಅದೇ ವರ್ಷ ಜರ್ಮನಿಯಲ್ಲಿ ‘ಸೆರೆಂಗೆಟಿ ಸಾಯಕೂಡದು’ ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರ ತೆರೆಗೆ ಬಂದು, ಮುಂದೆ ಆಸ್ಕರ್ ಗಳಿಸಿ, ಜಗತ್ತಿನ ಮಧ್ಯಮವರ್ಗದ ಮನೆಮನೆಗೂ ಜನರಿಲ್ಲದ ಆಫ್ರಿಕಾದ ಚಿತ್ರವನ್ನು ತಲುಪಿಸಿತು. ಇನ್ನೆರಡು ವರ್ಷಕ್ಕೆ, 1961ರಲ್ಲಿ, ದೇಶ ಸ್ವತಂತ್ರವಾಯಿತು. ಆ ಚಿತ್ರ ಮಾತ್ರ ಬದಲಾಗಲಿಲ್ಲ.

ಈ ದೇಶದಲ್ಲಿ ಪ್ರವಾಸಿಗಳು ಅಷ್ಟಾಗಿ ಹೋಗದ ಊರುಗಳನ್ನು ಹುಡುಕಿಕೊಂಡು ಹೋಗುವುದೆಂದರೆ ಗದ್ದಲವಿಲ್ಲದ ಕಡಲತೀರವನ್ನೋ ಅಗ್ಗದ ಹೋಟೆಲನ್ನೋ ಹುಡುಕುವುದಷ್ಟೇ ಅಲ್ಲ. ಆ ಖಾಲಿ ಚಿತ್ರದೊಳಕ್ಕೆ ಮನುಷ್ಯರನ್ನು ಮತ್ತೆ ಕರೆತರುವ ಕೆಲಸ ಅದು.

ಅದಕ್ಕೆ ತೀರಾ ದೂರ ಹೋಗಬೇಕಾಗಿಯೂ ಇಲ್ಲ. ಸಫಾರಿ ಜೀಪುಗಳು ಗೊರೊಂಗೊರೊ ಹತ್ತುವ ಮುಂಚೆ ಮ್ಟೊ ವಾ ಮ್ಬು ಎಂಬ ಊರಿನಲ್ಲಿ ನಿಲ್ಲುತ್ತವೆ. ಸ್ವಾಹಿಲಿಯಲ್ಲಿ ಹಾಗೆಂದರೆ ಸೊಳ್ಳೆಗಳ ಹೊಳೆ. ಜೀಪುಗಳೆಲ್ಲ ಅಲ್ಲಿಂದ ಎಡಕ್ಕೆ ಘಾಟಿ ಹತ್ತುತ್ತವೆ. ಘಾಟಿ ಹತ್ತದೆ ಅದರ ಬುಡ ಹಿಡಿದು ಉತ್ತರಕ್ಕೆ, ನೇಟ್ರಾನ್ ಸರೋವರದ ದಾರಿಯಲ್ಲಿ ಹೋದರೆ ಎಂಗರುಕಾ ಸಿಗುತ್ತದೆ. ಮೊದಲ ನೋಟಕ್ಕೆ ಅಲ್ಲೇನೂ ಇಲ್ಲ: ಒಣ ನೆಲ, ಮುಳ್ಳುಗಿಡ, ಚೆಲ್ಲಾಡಿದ ಕಲ್ಲು. ಸ್ವಲ್ಪ ಹೊತ್ತು ನಿಂತು ನೋಡಿದರೆ ಕಲ್ಲುಗಳಿಗೆ ಸಾಲು ಬರುತ್ತದೆ. ಸಾಲುಗಳು ಬದುಗಳಾಗುತ್ತವೆ, ಬದುಗಳ ನಡುವೆ ಮಡಿಗಳು, ಮಡಿಗಳಿಗೆ ನೀರುಣಿಸುತ್ತಿದ್ದ ಕಲ್ಲುಕಟ್ಟಿದ ಕಾಲುವೆಗಳು ಕಾಣತೊಡಗುತ್ತವೆ. ಸುಮಾರು 2000 ಹೆಕ್ಟೇರಿನಷ್ಟು ನೀರಾವರಿ ಜಮೀನು ಇಲ್ಲಿತ್ತು. ಮೇಲಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಊರುಗಳಿದ್ದವು. ಜೋಳ ಬೆಳೆಯುತ್ತಿದ್ದರು, ದನಗಳನ್ನು ಕಲ್ಲಿನ ದೊಡ್ಡಿಗಳಲ್ಲಿ ಕಟ್ಟಿ ಮೇಯಿಸುತ್ತಿದ್ದರು. ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ, ಕೆಲವು ನೂರು ವರ್ಷ ನಡೆದ ಬದುಕು ಅದು. ಆಮೇಲೆ ಜನ ಬಿಟ್ಟುಹೋದರು. ಹೊಳೆಗಳು ಬತ್ತಿದವೋ, ಮಣ್ಣು ಸೋತಿತೋ, ದನಗಾಹಿಗಳ ಒತ್ತಡ ಹೆಚ್ಚಾಯಿತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ‘ಆದಿಯಿಂದಲೂ ಕಾಡು’ ಎಂದು ನಾವು ನಂಬಿರುವ ಬಯಲಿನ ಪಕ್ಕದಲ್ಲೇ ಇಷ್ಟು ಲೆಕ್ಕಾಚಾರದ ಬೇಸಾಯ ನಡೆದಿತ್ತೆಂಬುದಕ್ಕೆ ಕಲ್ಲುಗಳೇ ಸಾಕ್ಷಿ.

ಅರುಷಾದಿಂದ ರಾಜಧಾನಿ ಡೊಡೊಮಾಕ್ಕೆ ಹೋಗುವ ಹೆದ್ದಾರಿಯಲ್ಲಿ ಕೋಲೊ ಎಂಬ ಇನ್ನೊಂದು ಸಣ್ಣ ಊರಿದೆ. ಕೊಂಡೋವಾ ಸೀಮೆಯ ಬಂಡೆಚಿತ್ರಗಳಿಗೆ ಇದು ಬಾಗಿಲು. ನೂರೈವತ್ತಕ್ಕೂ ಹೆಚ್ಚು ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದಲ್ಲಿ ಬರೆದ ಜಿರಾಫೆಗಳು, ಜಿಂಕೆಗಳು, ಉದ್ದ ಕೈಕಾಲಿನ, ವಿಚಿತ್ರ ತಲೆಗೂದಲಿನ ಮನುಷ್ಯರು. ಅವುಗಳ ಪಕ್ಕದಲ್ಲೇ, ಕೆಲವು ಕಡೆ ಮೇಲೆಯೇ, ಬಹಳ ಕಾಲದ ನಂತರ ಬಂದ ಬೇಸಾಯಗಾರರು ಬಿಳಿ ಬಣ್ಣದಲ್ಲಿ ಬರೆದ ಆಕೃತಿಗಳು. 1951ರಲ್ಲಿ ಮೇರಿ ಲೀಕಿ ಇಲ್ಲಿ ತಿಂಗಳುಗಟ್ಟಲೆ ಕೂತು ಚಿತ್ರಗಳನ್ನು ಪ್ರತಿ ಮಾಡಿಕೊಂಡರು. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆದರೆ ಸುತ್ತಲಿನ ಹಳ್ಳಿಯವರಿಗೆ ಇದು ವಸ್ತುಸಂಗ್ರಹಾಲಯವಲ್ಲ. ಮಳೆ ಬರಲಿ, ರೋಗ ವಾಸಿಯಾಗಲಿ ಎಂದು ಕೆಲವು ಬಂಡೆಗಳಡಿ ಅವರು ಇವತ್ತಿಗೂ ಪೂಜೆ ಸಲ್ಲಿಸುತ್ತಾರೆ. ಚಿತ್ರ ಬರೆದವರು ಬೇರೆ, ನಂಬಿದವರು ಬೇರೆ, ಬಂಡೆ ಒಂದೇ.

ಇವೆರಡೂ ಒಳನಾಡಿನ ಮಾತಾಯಿತು. ಈ ದೇಶದ ಹೆಸರು ಹೊರಜಗತ್ತಿನಲ್ಲಿ ಮೊಳಗಿದ್ದು ಮಾತ್ರ ಕಡಲ ಕರೆಯಿಂದ. ಅದರಲ್ಲೂ ದಾರ್ ಎಸ್ ಸಲಾಮ್‌ನಿಂದ ಸುಮಾರು 300 ಕಿಲೋಮೀಟರು ದಕ್ಷಿಣಕ್ಕಿರುವ ಕಿಲ್ವಾ ಕಿಸಿವಾನಿ ಎಂಬ ಪುಟ್ಟ ದ್ವೀಪದಿಂದ. ದಡದ ಕಿಲ್ವಾ ಮಸೋಕೊ ಊರಿನಲ್ಲಿ ಅನುಮತಿಚೀಟಿ ಪಡೆದು ದೋಣಿ ಹತ್ತಿದರೆ, ಸ್ವಲ್ಪ ಹೊತ್ತಿಗೆಲ್ಲ ನೀವು ಒಂದು ಕಾಲದಲ್ಲಿ ಪೂರ್ವ ಆಫ್ರಿಕಾದ ಅತಿ ಶ್ರೀಮಂತ ಪಟ್ಟಣವಾಗಿದ್ದ ಜಾಗದಲ್ಲಿ ನಿಂತಿರುತ್ತೀರಿ. ಈಗ ಅಲ್ಲಿರುವುದು ಒಂದು ಹಳ್ಳಿ, ಕೆಲವು ತೆಂಗಿನ ಮರ, ಹುಣಸೆ, ಬಾವೊಬಾಬ್, ಮತ್ತು ಹವಳದ ಕಲ್ಲಿನ ಪಾಳು ಗೋಡೆಗಳು.

ಕಿಲ್ವಾದ ಹಳೆಯ ವೃತ್ತಾಂತದಲ್ಲಿ ಒಂದು ಕಥೆಯಿದೆ. ಪರ್ಷಿಯಾದ ಶಿರಾಜ್‌ನಿಂದ ಬಂದ ರಾಜಕುಮಾರನೊಬ್ಬ ಇಲ್ಲಿನ ಒಡೆಯನಿಂದ ದ್ವೀಪವನ್ನು ಕೊಂಡನಂತೆ. ಬೆಲೆ ಏನೆಂದರೆ, ದ್ವೀಪದ ಸುತ್ತ ಹಾಸಿದರೆ ಸಾಲುವಷ್ಟು ಬಟ್ಟೆ! ಇದನ್ನು ನಂಬಿ ಹಲವು ಕಾಲ ವಿದ್ವಾಂಸರೂ ಈ ಪಟ್ಟಣಗಳನ್ನು ಹೊರಗಿನವರು ಬಂದು ಕಟ್ಟಿದ್ದೆಂದೇ ಬರೆದರು. ಆಫ್ರಿಕನ್ನರು ಕಲ್ಲಿನಲ್ಲಿ ಕಟ್ಟಿಯಾರೇ ಎಂಬ ಅನುಮಾನ ಆ ಕಾಲದ ಬರಹಗಳಲ್ಲಿ ತುಂಬಿಕೊಂಡಿತ್ತು. ಉತ್ಖನನಗಳು ಮುಂದುವರಿದಂತೆ ಚಿತ್ರ ಬೇರೆಯಾಯಿತು. ಮಣ್ಣು, ಮರ, ಹುಲ್ಲಿನ ಆಫ್ರಿಕನ್ ಊರುಗಳೇ ನಿಧಾನವಾಗಿ ಬೆಳೆದು ಕಲ್ಲಿನ ಪಟ್ಟಣಗಳಾಗಿದ್ದವು. 2023ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್ಎ ಅಧ್ಯಯನ ಇದಕ್ಕೆ ಇನ್ನೊಂದು ಎಳೆ ಸೇರಿಸಿತು. ಈ ಕರಾವಳಿಯ ಹಳೆಯ ಗೋರಿಗಳಲ್ಲಿ ಮಲಗಿರುವ ಅನೇಕರ ತಾಯಿಯ ಕಡೆಯ ಮೂಲ ಬಹುಪಾಲು ಆಫ್ರಿಕಾದ್ದು. ತಂದೆಯ ಕಡೆ ಪರ್ಷಿಯಾದ ಬೆರಕೆ, ಜೊತೆಗೆ ಭಾರತದ ಒಂದು ಸಣ್ಣ ಪಾಲು. ಬೆರಕೆ ಶುರುವಾದದ್ದು ಸುಮಾರು ಸಾವಿರ ವರ್ಷಗಳ ಹಿಂದೆ. ಬಂದವರಿದ್ದರು, ಆದರೆ ಬಂದು ಸೇರಿಕೊಂಡದ್ದು ಮೊದಲೇ ಇದ್ದವರ ಮನೆಗೆ. ಕಥೆಯಲ್ಲಿನ ಬಟ್ಟೆಯೂ ಸುಳ್ಳಲ್ಲ. ಈ ಕರಾವಳಿಯ ವ್ಯಾಪಾರದಲ್ಲಿ ಬಟ್ಟೆಯೇ ನಾಣ್ಯವಾಗಿತ್ತು, ಮತ್ತು ಅದರ ದೊಡ್ಡ ಪಾಲು ನಮ್ಮ ಖಂಭಾತದ ಕಡೆಯಿಂದ ಬರುತ್ತಿತ್ತು.

ಈಶಾನ್ಯ ಮಾರುತದೊಂದಿಗೆ ಇಳಿದು ಬರುವುದು, ನೈಋತ್ಯ ಮಾರುತದೊಂದಿಗೆ ಮರಳುವುದು ಹಡಗುಗಳ ವಾರ್ಷಿಕ ನಿಯಮ. ಸ್ವಾಹಿಲಿಯಲ್ಲಿ ಮೊದಲನೆಯದು ಕಸ್ಕಾಜಿ, ಎರಡನೆಯದು ಕುಸಿ. ಕಿಲ್ವಾದ ಜಾಣತನವಿದ್ದದ್ದು ಜಾಗದಲ್ಲಿ. ಜಿಂಬಾಬ್ವೆ ಪ್ರಸ್ಥಭೂಮಿಯ ಚಿನ್ನ ಇಂದಿನ ಮೊಜಾಂಬಿಕ್ ತೀರದ ಸೋಫಾಲಾಕ್ಕೆ ಬರುತ್ತಿತ್ತು. ಒಂದೇ ಮಾರುತದಲ್ಲಿ ಅಷ್ಟು ದಕ್ಷಿಣಕ್ಕೆ ಹೋಗಿ ವ್ಯಾಪಾರ ಮುಗಿಸಿ ಮರಳುವುದು ಉತ್ತರದ ಹಡಗುಗಳಿಗೆ ಕಷ್ಟ. ಆದ್ದರಿಂದ ಚಿನ್ನವನ್ನು ಕಿಲ್ವಾದವರೇ ತಂದಿಟ್ಟುಕೊಂಡು ಮಾರಿದರು. ಆ ಹಣದಲ್ಲಿ ಎದ್ದದ್ದು ಗುಮ್ಮಟಗಳ ಸಾಲಿನ ದೊಡ್ಡ ಮಸೀದಿ. ಅದೇ ಹಣದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಕಡಲಿನ ಅಂಚಿನ ಬಂಡೆಯ ಮೇಲೆ ಹುಸುನಿ ಕುಬ್ವಾ ಎಂಬ ನೂರಕ್ಕೂ ಹೆಚ್ಚು ಕೋಣೆಗಳ ಅರಮನೆ ಎದ್ದಿತು. ಅದರ ಅಷ್ಟಕೋನದ ಈಜುಕೊಳ ಇವತ್ತಿಗೂ ಆಕಾರ ಕಳೆದುಕೊಂಡಿಲ್ಲ. ಕಿಲ್ವಾ ತನ್ನದೇ ತಾಮ್ರದ ನಾಣ್ಯಗಳನ್ನು ಟಂಕಿಸಿತು. ಅವುಗಳಲ್ಲಿ ಒಂದು ಗ್ರೇಟ್ ಜಿಂಬಾಬ್ವೆಯ ಅವಶೇಷಗಳಲ್ಲಿ ಸಿಕ್ಕಿದೆ. ಐದು ನಾಣ್ಯಗಳು ಯಾರ ಕೈಯಿಂದಲೋ ದಾಟಿ ಆಸ್ಟ್ರೇಲಿಯಾದ ಉತ್ತರ ತೀರದ ಒಂದು ದ್ವೀಪವನ್ನೂ ಮುಟ್ಟಿದ್ದವು. 1944ರಲ್ಲಿ ಕಾವಲು ಕಾಯುತ್ತಿದ್ದ ಸೈನಿಕನೊಬ್ಬನಿಗೆ ಮರಳಿನಲ್ಲಿ ಸಿಕ್ಕವು.

1331ರಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದ. ತಾನು ಕಂಡ ಬಹು ಚೆಂದದ ಪಟ್ಟಣಗಳಲ್ಲಿ ಇದನ್ನೂ ಸೇರಿಸಿದ. ಸುಲ್ತಾನ ಅಲ್ ಹಸನ್ ಇಬ್ನ್ ಸುಲೈಮಾನ್‌ನ ಕೊಡುಗೈಯನ್ನು ಹೊಗಳಿದ. ಆ ಕೊಡುಗೆಗಳ ಪಟ್ಟಿಯಲ್ಲಿ ಆನೆದಂತದ ಜೊತೆ ಗುಲಾಮರೂ ಇದ್ದರೆಂಬುದನ್ನು ನಾವು ಕಣ್ಣುಮುಚ್ಚಿ ದಾಟಬಾರದು. ಹತ್ತು ವರ್ಷ ಕಳೆದ ಮೇಲೆ ಅದೇ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದುದನ್ನು ಅಚ್ಚರಿಯಿಂದ ಬರೆದ. ಅವನ ಕಣ್ಣಿಗೆ ಕಿಲ್ವಾ ಮತ್ತು ಹೊನ್ನಾವರ ಒಂದೇ ಕಡಲಿನ ಎರಡು ಬಂದರುಗಳು.

ಇನ್ನೂರು ವರ್ಷ ತುಂಬುವುದರೊಳಗೆ ಎರಡು ಊರಿಗೂ ಒಂದೇ ಪಡೆ ಬೆಂಕಿ ಹಚ್ಚಿತು. 1505ರ ಜುಲೈನಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡಾನ ಪೋರ್ಚುಗೀಸ್ ಹಡಗುಗಳು ಕಿಲ್ವಾವನ್ನು ಸೂರೆಮಾಡಿ, ತಮಗೆ ಬೇಕಾದವನನ್ನು ಗದ್ದುಗೆಯಲ್ಲಿ ಕೂರಿಸಿ, ಕೋಟೆಗೆ ಕಲ್ಲಿಟ್ಟವು. ಆಗಸ್ಟಿನಲ್ಲಿ ಮೊಂಬಾಸಾ ಸುಟ್ಟಿತು. ಸೆಪ್ಟೆಂಬರಿನಲ್ಲಿ ಅದೇ ಹಡಗುಗಳು ಕಾರವಾರದ ಎದುರಿನ ಅಂಜದೀವಕ್ಕೆ ಬಂದು ಅಲ್ಲೂ ಕೋಟೆ ಕಟ್ಟತೊಡಗಿದವು. ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿನಲ್ಲಿ ಹಡಗುಗಳು ಉರಿದವು. ಮುಂದೆ ದುವಾರ್ತೆ ಬಾರ್ಬೋಸಾ ಬರೆದ ಪುಸ್ತಕವನ್ನು ನಾವು ವಿಜಯನಗರದ ವರ್ಣನೆಗಾಗಿ ಓದುತ್ತೇವೆ. ಅದರ ಮೊದಲ ಪುಟಗಳಲ್ಲೇ ಕಿಲ್ವಾದ ಕಲ್ಲುಗಾರೆಯ ಮನೆಗಳೂ ಅದರ ಪತನವೂ ಇದೆ. ನಾವು ನಮ್ಮ ಪುಟ ತೆರೆದು ಓದಿ ಮುಚ್ಚಿಬಿಟ್ಟಿದ್ದೇವೆ, ಅಷ್ಟೆ.

ಪೋರ್ಚುಗೀಸರು 1512ರಲ್ಲಿ ಕಿಲ್ವಾ ಬಿಟ್ಟುಹೋದರು. ಚಿನ್ನದ ವ್ಯಾಪಾರ ಮತ್ತೆ ಮೊದಲಿನಂತಾಗಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಕಿಲ್ವಾ ಮತ್ತೆ ಚೇತರಿಸಿಕೊಂಡದ್ದು ಮನುಷ್ಯರನ್ನು ಮಾರಿ. 1776ರಲ್ಲಿ ಅಲ್ಲಿನ ಸುಲ್ತಾನ ವರ್ಷಕ್ಕೆ 1000 ಗುಲಾಮರನ್ನು ಒದಗಿಸುವುದಾಗಿ ಫ್ರೆಂಚ್ ವರ್ತಕನೊಬ್ಬನಿಗೆ ಬರೆದುಕೊಟ್ಟ. ಮಾರಿಷಸ್ ಮೊದಲಾದ ದ್ವೀಪಗಳ ತೋಟಗಳಿಗೆ ಆಳು ಬೇಕಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳ ಸಿದ್ದಿಗಳ ಹಿರಿಯರು ಬಂದದ್ದು ಬಹುಮಟ್ಟಿಗೆ ಪೋರ್ಚುಗೀಸರ ಗೋವಾದ ಮೂಲಕ, ಇದೇ ಕರಾವಳಿಯ ಇನ್ನೂ ದಕ್ಷಿಣದ ಭಾಗಗಳಿಂದ. ಬಂದರು ಬೇರೆ, ವ್ಯಾಪಾರ ಅದೇ.

ಈ ವ್ಯಾಪಾರದ ಹತ್ತೊಂಬತ್ತನೆಯ ಶತಮಾನದ ಮುಖ ನೋಡಬೇಕಾದರೆ ದಾರ್ ಎಸ್ ಸಲಾಮ್‌ನಿಂದ ಉತ್ತರಕ್ಕೆ, ಒಂದೇ ದಿನದಲ್ಲಿ ಹೋಗಿಬರಬಹುದಾದ ಬಗಮೊಯೊಕ್ಕೆ ಹೋಗಬೇಕು. ಟಾಂಗನಿಕಾ ಸರೋವರದ ದಡದಿಂದ ಸುಮಾರು 1200 ಕಿಲೋಮೀಟರು ನಡೆದು ಬರುವ ಸಾರ್ಥವಾಹಗಳು ಕಡಲು ಕಾಣುತ್ತಿದ್ದದ್ದು ಇಲ್ಲಿ. ನ್ಯಾಮ್ವೇಜಿ ಹಮಾಲರು ತಲಾ ಮೂವತ್ತು ಕಿಲೋಗಳಷ್ಟು ಹೊರೆ ಹೊತ್ತು ಬರುತ್ತಿದ್ದರು. ಸರಪಳಿಯಲ್ಲಿ ಬರುವವರೂ ಇದ್ದರು. ಊರಿನ ಹೆಸರಿಗೆ ‘ಹೃದಯ ಇಳಿಸು’ ಎಂದು ಅರ್ಥ ಹೇಳುತ್ತಾರೆ. ಹೊರೆ ಇಳಿಸಿದ ಹಮಾಲನ ನಿಟ್ಟುಸಿರೋ, ಹಡಗು ಹತ್ತಲಿರುವ ಗುಲಾಮನ ಹತಾಶೆಯೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಎರಡೂ ಈ ಊರಿಗೆ ಹೊಂದುತ್ತವೆ.

ಈ ಸಾರ್ಥಗಳಿಗೆ ಹಣ ಎಲ್ಲಿಂದ ಬರುತ್ತಿತ್ತು? ದೊಡ್ಡ ಪಾಲು ಕಚ್ಛ್ ಮತ್ತು ಕಾಠಿಯಾವಾಡದ ವರ್ತಕರಿಂದ. ಜಂಜಿಬಾರಿನ ಸುಂಕದ ಗುತ್ತಿಗೆ ಬಹುಕಾಲ ಜೈರಾಮ್ ಶಿವಜಿ ಎಂಬ ಭಾಟಿಯಾ ಕುಟುಂಬದ ಕೈಯಲ್ಲಿತ್ತು. ಗುಲಾಮರ ಮತ್ತು ದಂತದ ದೊಡ್ಡ ವ್ಯಾಪಾರಿ ಟಿಪ್ಪು ಟಿಪ್‌ಗೆ ಸಾಲ ಕೊಟ್ಟವನು ತಾರಿಯಾ ತೋಪನ್. 1873ರಲ್ಲಿ ಜಂಜಿಬಾರಿನ ಸುಲ್ತಾನನಿಂದ ಗುಲಾಮರ ಮಾರುಕಟ್ಟೆ ಮುಚ್ಚಿಸಲು ಬಂದ ಬ್ರಿಟಿಷ್ ನಿಯೋಗದ ಮುಖ್ಯಸ್ಥ ಸರ್ ಬಾರ್ಟಲ್ ಫ್ರೆರೆ, ಹಿಂದೆ ಮುಂಬಯಿಯ ಗವರ್ನರ್ ಆಗಿದ್ದವನು. ಈ ತೀರದ ವ್ಯಾಪಾರದ ಮೇಲೆ ಭಾರತೀಯರಿಗಿದ್ದ ಹಿಡಿತ ಅವನ ವರದಿಯ ಮುಖ್ಯ ಅಂಶಗಳಲ್ಲಿ ಒಂದು. ಇದೇ ಬಗಮೊಯೊದಲ್ಲಿ ಸಾರ್ಥಗಳಿಗೆ ಸರಕು, ಹಮಾಲರನ್ನು ಒದಗಿಸಿ ಸಂಪತ್ತು ಗಳಿಸಿದ ಸೇವಾ ಹಾಜಿ ಪಾರೂ, ಅದರಲ್ಲಿ ಒಂದು ಭಾಗವನ್ನು ಶಾಲೆಗೂ ಆಸ್ಪತ್ರೆಗೂ ಕೊಟ್ಟ. ವಸಾಹತುಶಾಹಿಯ ಕಥೆಯಲ್ಲಿ ನಾವು ಯಾವಾಗಲೂ ಪೆಟ್ಟು ತಿಂದವರ ಸಾಲಿನಲ್ಲೇ ನಿಲ್ಲುತ್ತೇವೆ. ಬಗಮೊಯೊದಲ್ಲಿ ಆ ಸಾಲು ಅಷ್ಟು ಸರಳವಾಗಿಲ್ಲ. ಸ್ವಾಹಿಲಿಯಲ್ಲಿ ಅಂಗಡಿಗೆ ಇವತ್ತಿಗೂ ‘ದುಕಾ’, ಲಕ್ಷಕ್ಕೆ ‘ಲಾಕಿ’. ನಾವು ಕೊಟ್ಟ ಪದಗಳಲ್ಲಿ ವ್ಯಾಪಾರದ ಲೆಕ್ಕವಿದೆ.

ಬಗಮೊಯೊದ ಕ್ಯಾಥೊಲಿಕ್ ಮಿಷನ್ನಿನ ಆವರಣಕ್ಕೆ 1874ರ ಫೆಬ್ರವರಿಯಲ್ಲಿ ಒಂದು ಹೆಣ ಬಂತು. ಡೇವಿಡ್ ಲಿವಿಂಗ್‌ಸ್ಟನ್ ಇಂದಿನ ಜಾಂಬಿಯಾದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ ಅವನ ಜೊತೆಗಾರರು ಹೃದಯವನ್ನು ಅಲ್ಲೇ ಮರದಡಿ ಹೂತು, ದೇಹವನ್ನು ಉಪ್ಪು ಹಾಕಿ ಒಣಗಿಸಿ, ತಿಂಗಳುಗಟ್ಟಲೆ ಹೊತ್ತು ತಂದಿದ್ದರು. ಮುಂದಾಳುಗಳು ಚುಮಾ ಮತ್ತು ಸುಸಿ. ಅಂತ್ಯಸಂಸ್ಕಾರದ ಪಾಠ ಓದಿದವನು ಜೇಕಬ್ ವೈನ್‌ರೈಟ್. ಗುಲಾಮರ ಹಡಗಿನಿಂದ ಬಿಡುಗಡೆಯಾಗಿ ನಾಸಿಕದ ಮಿಷನ್ ಶಾಲೆಯಲ್ಲಿ ಓದಿದವನು. ಚುಮಾ ಕೂಡ ಕೆಲಕಾಲ ಮುಂಬಯಿಯಲ್ಲಿದ್ದು ಕಲಿತಿದ್ದ. ಲಂಡನ್ನಿನಲ್ಲಿ ಶವಸಂಸ್ಕಾರದ ಹೊತ್ತಿಗೆ ಇವರಲ್ಲಿ ವೈನ್‌ರೈಟ್ ಒಬ್ಬನೇ ಹಾಜರಿದ್ದ. ಚುಮಾ, ಸುಸಿ ಅಲ್ಲಿಗೆ ತಲುಪಿದಾಗ ಎಲ್ಲ ಮುಗಿದಿತ್ತು. ಶವ ಇರಿಸಿದ್ದ ಗೋಪುರಕ್ಕೆ ಇಂದಿಗೂ ಲಿವಿಂಗ್‌ಸ್ಟನ್ನನದೇ ಹೆಸರು.

ಹೊತ್ತು ತಂದವರಿಗಿಂತ ಹೊರಲ್ಪಟ್ಟವನ ಹೆಸರು ಉಳಿಯುವುದು ಈ ದೇಶದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1905ರ ಜುಲೈನಲ್ಲಿ ಕಿಲ್ವಾದ ಹಿಂದಿನ ಮಾತುಂಬಿ ಗುಡ್ಡಗಳಲ್ಲಿ ರೈತರು ಜರ್ಮನ್ ಸರ್ಕಾರ ಬಲವಂತವಾಗಿ ಬೆಳೆಸುತ್ತಿದ್ದ ಹತ್ತಿಯ ಗಿಡಗಳನ್ನು ಕಿತ್ತು ಬಿಸಾಡಿದರು. ಮಾಜಿ ಮಾಜಿ ದಂಗೆ ಹುಟ್ಟಿದ್ದು ಹಾಗೆ. ಮಾಜಿ ಎಂದರೆ ನೀರು. ಮಂತ್ರಿಸಿದ ನೀರು ಗುಂಡನ್ನು ನೀರಾಗಿಸುತ್ತದೆಂಬ ಕಿಂಜಿಕಿಟಿಲೆಯ ಮಾತು ಇಪ್ಪತ್ತು ಬುಡಕಟ್ಟುಗಳನ್ನು ಒಂದುಮಾಡಿತು, ಗುಂಡನ್ನು ತಡೆಯಲಿಲ್ಲ. ಜರ್ಮನ್ನರು ಬೆಳೆ ಸುಟ್ಟು, ಕಣಜ ಸುಟ್ಟು, ಹಸಿವನ್ನೇ ಆಯುಧ ಮಾಡಿಕೊಂಡರು. ಸತ್ತವರ ಅಂದಾಜು 75 ಸಾವಿರದಿಂದ 3 ಲಕ್ಷದವರೆಗೆ ಹೋಗುತ್ತದೆ. ದಕ್ಷಿಣದ ಸೊಂಗೆಯಾದಲ್ಲಿ 1906ರ ಫೆಬ್ರವರಿ 27ರಂದು ಅರವತ್ತಕ್ಕೂ ಹೆಚ್ಚು ನಾಯಕರನ್ನು ಗಲ್ಲಿಗೇರಿಸಿದರು. ಅವರ ಸಾಮೂಹಿಕ ಸಮಾಧಿಯೂ ವಸ್ತುಸಂಗ್ರಹಾಲಯವೂ ಅಲ್ಲಿವೆ. ಊರಿಗೆ ಹೆಸರು ಕೊಟ್ಟ ಸೊಂಗೆಯಾ ಮ್ಬಾನೊ ಎಂಬ ನಾಯಕನ ತಲೆಯನ್ನು ಜರ್ಮನಿಗೆ ಒಯ್ದರೆಂದು ಮನೆಯವರು ಹೇಳುತ್ತಾರೆ, ಇನ್ನೂ ಹುಡುಕುತ್ತಿದ್ದಾರೆ. 2023ರ ನವೆಂಬರಿನಲ್ಲಿ ಜರ್ಮನ್ ಅಧ್ಯಕ್ಷ ಸ್ಟೈನ್‌ಮಾಯರ್ ಸೊಂಗೆಯಾಕ್ಕೆ ಬಂದು ಕ್ಷಮೆ ಕೇಳಿದರು.

ದಂಗೆಯ ನಂತರದ ಮಾತನ್ನು ಪ್ರವಾಸಿ ಓದುಗರು ವಿಶೇಷವಾಗಿ ಗಮನಿಸಬೇಕು. ಜನ ಸತ್ತು, ಚೆದುರಿ, ಹೊಲಗಳು ಹಾಳುಬಿದ್ದ ಕಡೆ ಪೊದೆ ಬೆಳೆಯಿತು. ಪೊದೆಯೊಂದಿಗೆ ನಿದ್ರಾರೋಗ ಹರಡುವ ತ್ಸೆತ್ಸೆ ನೊಣ ಬಂತು, ಆನೆ ಬಂದವು. ನಿದ್ರಾರೋಗದ ಕಾರಣ ಹೇಳಿ ಬ್ರಿಟಿಷರು ಉಳಿದ ಹಳ್ಳಿಗಳನ್ನೂ ಎತ್ತಂಗಡಿ ಮಾಡಿದರು. ಹೀಗೆ ಬೆಳೆದದ್ದೇ ಸೆಲೂ ಅಭಯಾರಣ್ಯ: ಸುಮಾರು 50,000 ಚದರ ಕಿಲೋಮೀಟರು, ಕೇರಳಕ್ಕಿಂತ ದೊಡ್ಡದು. ಬಹಳ ಕಾಲ ಅದಕ್ಕಿದ್ದದ್ದು ಒಬ್ಬ ಇಂಗ್ಲಿಷ್ ಬೇಟೆಗಾರನ ಹೆಸರು. 2019ರಲ್ಲಿ ಅದರ ದೊಡ್ಡ ಭಾಗ ನ್ಯೆರೆರೆ ರಾಷ್ಟ್ರೀಯ ಉದ್ಯಾನವಾಯಿತು. ‘ಮನುಷ್ಯನ ಕೈ ಸೋಕದ ಕಾಡು’ ಎಂದು ಜಾಹೀರಾತಿನಲ್ಲಿ ಓದುವ ನೆಲದಲ್ಲಿ ಒಂದು ಯುದ್ಧ ಮತ್ತು ಒಂದು ಬರಗಾಲ ಹೂತುಹೋಗಿವೆ. ಈ ಕೆಲಸ ಮುಗಿದ ಕಥೆಯೂ ಅಲ್ಲ. 1959ರಲ್ಲಿ ಸೆರೆಂಗೆಟಿಯಿಂದ ಹೊರಡಿಸಿದವರ ಮಕ್ಕಳು ಮೊಮ್ಮಕ್ಕಳನ್ನು ಈಗ ಗೊರೊಂಗೊರೊದಿಂದಲೂ ದೂರದ ಮ್ಸೊಮೆರಾಕ್ಕೆ ಕಳಿಸುವ ಯೋಜನೆ 2022ರಿಂದ ನಡೆದಿದೆ. ಸರ್ಕಾರ ಅದನ್ನು ಸ್ವಇಚ್ಛೆಯ ಸ್ಥಳಾಂತರ ಎನ್ನುತ್ತದೆ; ಮಸಾಯಿಗಳಲ್ಲಿ ಅನೇಕರು ಹಾಗೆ ಹೇಳುವುದಿಲ್ಲ.

ಹಾಗೆಂದು ಸಿಂಹ ನೋಡಬಾರದೆಂದಲ್ಲ. ಸಿಂಹದ ತಪ್ಪೇನೂ ಇಲ್ಲಿಲ್ಲ. ಉತ್ತರದ ಸುತ್ತಿಗೆ ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಂಡು, ಎಂಗರುಕಾದ ಹಳ್ಳಿಯವರನ್ನೇ ದಾರಿ ತೋರಿಸಲು ಕರೆದುಕೊಂಡು ಆ ಬದುಗಳ ನಡುವೆ ನಡೆಯಬಹುದು. ಜಂಜಿಬಾರಿಗೆ ಹಡಗು ಹತ್ತುವ ಮುಂಚೆ ಬಗಮೊಯೊದಲ್ಲಿ, ಅದರ ಪಕ್ಕದ ಕಾವೊಲೆಯ ಹಳೆಯ ಮಸೀದಿ, ಗೋರಿಗಳ ನಡುವೆ ಒಂದು ಹಗಲು ಕಳೆಯಬಹುದು. ಕಿಲ್ವಾಕ್ಕೆ ಮೂರು ದಿನ ಬೇಕು, ಮಳೆಗಾಲ ತಪ್ಪಿಸಬೇಕು. ಅಲ್ಲಿ ಸಾಲುಗಟ್ಟಿದ ಅಂಗಡಿಗಳಿಲ್ಲ, ಸೆಲ್ಫಿಯ ಚೌಕಟ್ಟುಗಳಿಲ್ಲ. 1981ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಈ ಅವಶೇಷಗಳು 2004ರಿಂದ ಹತ್ತು ವರ್ಷ ಅಪಾಯದ ಪಟ್ಟಿಯಲ್ಲಿದ್ದವು. ಕಡಲು ಕೊರೆಯುತ್ತಿದ್ದ ದಡವನ್ನೂ ಬೀಳುತ್ತಿದ್ದ ಗೋಡೆಗಳನ್ನೂ ಉಳಿಸಿಕೊಳ್ಳುವ ಕೆಲಸದಲ್ಲಿ ದ್ವೀಪದ ಜನರೂ ಕೈಜೋಡಿಸಿದ ಮೇಲೆ ಆ ಪಟ್ಟಿಯಿಂದ ಹೊರಬಂದವು.

‘ಹೆಚ್ಚು ಜನರಿಗೆ ಗೊತ್ತಿಲ್ಲದ ತಾಣ’ ಎಂದಾಗ ಯಾರಿಗೆ ಗೊತ್ತಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕಿಲ್ವಾದ ಮೀನುಗಾರನಿಗೆ ಆ ಗೋಡೆಗಳು ಗೊತ್ತು, ಕೋಲೊದ ಮುದುಕಿಗೆ ಆ ಬಂಡೆ ಗೊತ್ತು, ಸೊಂಗೆಯಾದ ಮಕ್ಕಳಿಗೆ ಪ್ರತಿ ಫೆಬ್ರವರಿಯಲ್ಲಿ ಆ ಹೆಸರುಗಳು ಕೇಳಿಸುತ್ತವೆ. ಏಳು ಶತಮಾನಗಳ ಹಿಂದೆ ಹೊನ್ನಾವರದ ನಾವಿಕರಿಗೂ ಕಿಲ್ವಾ ಎಂಬ ಹೆಸರು ಹೊಸದಾಗಿದ್ದಿರಲಾರದು. ಗೊತ್ತಿಲ್ಲದಂತಾದದ್ದು ನಮಗೆ, ಅದೂ ಈಚೆಗೆ.